ಹಳೆಯ ಮಸೂರ, ಹೊಸ ಮಸೂರ: ಕೋಲಾರ ಸೀಮೆಯ ಶಾಸನಪಠನಕ್ಕೆ ಒಂದು ಪೀಠಿಕೆ

೧

ಓಲೆಯ ಪ್ರತಿಯೊಂದು ಕೈಗೆ ಬಂದೊಡನೆ ಅದನ್ನು ಬರೆದ ಲಿಪಿಕಾರನ ಅಭ್ಯಾಸವೇನು, ಯಾವ ಅಕ್ಷರಗಳಲ್ಲಿ ಅವನ ಕೈ ತಪ್ಪುತ್ತದೆ ಎಂದು ಮೊದಲು ವಿಚಾರಿಸುವುದು ಗ್ರಂಥಸಂಪಾದಕರಲ್ಲಿ ರೂಢಿಯಾಗಿದೆ. ಇದನ್ನು ತಿಳಿಯದೆ ಪಾಠನಿರ್ಣಯಕ್ಕೆ ಕೈಹಾಕುವುದು ಅಪಾಯವೆಂದು ಬಲ್ಲವರೆಲ್ಲರೂ ಒಪ್ಪುವರು. ಶಿಲಾಶಾಸನದ ಛಾಯಾಚಿತ್ರವನ್ನು ಮುಂದಿಟ್ಟುಕೊಂಡಾಗ ಮಾತ್ರ ಈ ಎಚ್ಚರಿಕೆ ಸಡಿಲವಾಗುತ್ತದೆ. ಚಿತ್ರವು ಯಂತ್ರದಿಂದ ಆದದ್ದು, ಯಂತ್ರಕ್ಕೆ ಪಕ್ಷಪಾತವಿಲ್ಲ, ಆದುದರಿಂದ ಚಿತ್ರವನ್ನು ನೋಡಿದರೆ ಕಲ್ಲನ್ನೇ ನೋಡಿದಂತಾಯಿತು ಎಂದು ಭಾವಿಸಿಬಿಡುತ್ತೇವೆ. ವಾಸ್ತವವಾಗಿ ಮಸೂರವೂ ಒಬ್ಬ ಲಿಪಿಕಾರನೇ. ಅದಕ್ಕೂ ಗೊತ್ತಾದ ಅಭ್ಯಾಸಗಳುಂಟು, ಗೊತ್ತಾದ ತಪ್ಪುಗಳುಂಟು. ಕಾಲಕಾಲಕ್ಕೆ ಅವು ಬದಲಾಗಿಯೂ ಇವೆ.

ದೊಡ್ಡ ಫಲಕದ ಕ್ಯಾಮರಾಗಳಲ್ಲಿ ಬಳಕೆಯಾದ ಮಸೂರಗಳ ಹಳೆಯ ಮತ್ತು ಹೊಸ ರೂಪಗಳನ್ನು ಹೋಲಿಸಿ, ಆ ಭೇದವು ಶಾಸನಪಠನಕ್ಕೆ ಎಲ್ಲಿ ಬಾಧಕ, ಎಲ್ಲಿ ಬಾಧಕವಲ್ಲ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ನಿದರ್ಶನವಾಗಿ ಬೌರಿಂಗ್‌ಪೇಟೆ, ಎಂದರೆ ಈಗಿನ ಬಂಗಾರಪೇಟೆ, ಮತ್ತು ಅದಕ್ಕೆ ಹೊಂದಿಕೊಂಡಿರುವ ಕೋಲಾರದ ಚಿನ್ನದ ಗಣಿಗಳ ಸೀಮೆಯನ್ನು ಆರಿಸಿಕೊಂಡಿದೆ. ಆಯ್ಕೆಗೆ ಕಾರಣಗಳು ಮುಂದೆ ವಿದಿತವಾಗುವುವು.

೨

ಬೌರಿಂಗ್‌ಪೇಟೆಗೆ ಆ ಹೆಸರು ಬಂದುದು ಲೂಯಿನ್ ಬೆಂಥಮ್ ಬೌರಿಂಗ್ ಅವರಿಂದ. ಇವರು ೧೮೬೨ರಿಂದ ೧೮೭೦ರವರೆಗೆ ಮೈಸೂರು ಸೀಮೆಯ ಕಮೀಷನರಾಗಿದ್ದರು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲುದಾರಿ ತೆರೆಯಿತು. ಆ ದಾರಿಯ ಮೇಲೆ ಬೆಳೆದ ಈ ಊರು ಕಾಲಕ್ರಮದಲ್ಲಿ ತಾಲ್ಲೂಕಿನ ಮುಖ್ಯಸ್ಥಳವಾಯಿತು. ಶಾಸನಾಭ್ಯಾಸಿಗಳಿಗೆ ಬೌರಿಂಗ್ ಅವರ ಕಾಲವು ಸ್ಮರಣೀಯವಾದುದು ಇನ್ನೊಂದು ಕಾರಣದಿಂದ. ೧೮೬೫ರಲ್ಲಿ ಮೇಜರ್ ಡಿಕ್ಸನ್ ಅವರು ಮೈಸೂರು ಸರ್ಕಾರದ ಪರವಾಗಿ ಬಳ್ಳಿಗಾವೆ, ಹರಿಹರ ಮೊದಲಾದ ಊರುಗಳ ಸುಮಾರು ೧೫೦ ಶಾಸನಗಳಿಗೆ ಛಾಯಾಚಿತ್ರ ತೆಗೆದರು. ಬಿ. ಎಲ್. ರೈಸ್ ಅವರು ೧೮೭೯ರಲ್ಲಿ ಪ್ರಕಟಿಸಿದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥಕ್ಕೆ ಈ ಚಿತ್ರಗಳೇ ಮುಖ್ಯ ಆಧಾರ. ನಮ್ಮ ನಾಡಿನ ಶಾಸನಶಾಸ್ತ್ರವು ಮಸಿಯ ಪಡಿಯಚ್ಚಿಗೆ ಮುಂಚೆ ಮಸೂರದ ಮೂಲಕವೇ ಕಣ್ಣು ತೆರೆಯಿತೆಂದರೆ ತಪ್ಪಾಗಲಾರದು.

ಕೋಲಾರ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ೧೦ನೆಯ ಸಂಪುಟವಾಗಿ ೧೯೦೫ರಲ್ಲಿ ಹೊರಬಂದುವು. ಬೌರಿಂಗ್‌ಪೇಟೆಗೆ ಅದರಲ್ಲಿ ಪ್ರತ್ಯೇಕವಾದ ಒಂದು ಭಾಗವೇ ಉಂಟು. ಕುವಳಾಲಪುರವರೇಶ್ವರರೆಂದು ಬಿರುದಾಂತ ಗಂಗರ ಕುವಳಾಲವೇ ಈಗಿನ ಕೋಲಾರ. ಹಿಂದೆ ಬೌರಿಂಗ್‌ಪೇಟೆ ತಾಲ್ಲೂಕಿಗೆ ಸೇರಿದ್ದ ಬೇತಮಂಗಲದ ಪ್ರಾಚೀನ ನಾಮ ವಿಜಯಾದಿತ್ಯಮಂಗಲ. ಅದು ಬಾಣರನ್ನು ನೆನಪಿಗೆ ತರುತ್ತದೆ. ಗಂಗರು, ಬಾಣರು, ನೊಳಂಬರು, ಅನಂತರ ಚೋಳರು—ಇವರೆಲ್ಲರೂ ಈ ನೆಲದಲ್ಲಿ ಕಾದಾಡಿದವರು. ತುರುಗೋಳಿನಲ್ಲಿಯೂ ಊರಳಿವಿನಲ್ಲಿಯೂ ಸತ್ತವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ಇಲ್ಲಿ ವಿಶೇಷವಾಗಿ ದೊರೆಯುತ್ತವೆ.

ಇಂತಹ ವೀರಗಲ್ಲುಗಳಲ್ಲಿ ಅನೇಕಕ್ಕೆ ಶಕವರ್ಷವಿಲ್ಲ. ದೊರೆಯ ಹೆಸರೊಂದು, ಅವನು ರಾಜ್ಯವಾಳುತ್ತಿದ್ದನೆಂಬ ಮಾತೊಂದು, ಸತ್ತವನ ಹೆಸರೊಂದು, ಇಷ್ಟೇ. ದೊರೆಯ ಹೆಸರು ಒಂದೇ ವಂಶದಲ್ಲಿ ಎರಡು ಮೂರು ಸಲ ಬರುವುದರಿಂದ ಕಾಲನಿರ್ಣಯದ ಭಾರವೆಲ್ಲವೂ ಅಕ್ಷರಗಳ ಆಕಾರದ ಮೇಲೆ ಬೀಳುತ್ತದೆ. ಖ, ಙ, ಜ, ಬ, ಲ ಎಂಬ ಅಕ್ಷರಗಳ ಹಳೆಯ ರೂಪ ಯಾವಾಗ ಹೋಗಿ ಹೊಸ ರೂಪ ಯಾವಾಗ ಬಂದಿತೆಂಬುದನ್ನು ಫ್ಲೀಟ್ ಅವರು ಒರೆಗಲ್ಲಾಗಿ ಹಿಡಿದುದೂ, ಅದನ್ನು ಆಶ್ರಯಿಸಿ ಗಂಗರ ತಾಮ್ರಪಟಗಳ ಸಾಚಾತನದ ವಿಷಯದಲ್ಲಿ ಅವರಿಗೂ ರೈಸ್ ಅವರಿಗೂ ದೀರ್ಘವಾದ ವಾದ ನಡೆದುದೂ ವಿದ್ವಾಂಸರಿಗೆ ತಿಳಿದೇ ಇದೆ. ಬಕಾರದ ಹಳೆಯ ರೂಪವು ಮೇಲೆ ಮುಚ್ಚಿದ ಚೌಕ. ಹೊಸದು ಮೇಲೆ ಬಾಯಿ ತೆರೆದದ್ದು. ಕ್ರಿ. ಶ. ೯ನೆಯ ಶತಮಾನದ ಆದಿಭಾಗವನ್ನು ಈ ಮಾರ್ಪಾಟಿನ ಸೀಮೆಯೆಂದು ಫ್ಲೀಟ್ ಅವರು ಇಟ್ಟುಕೊಂಡಿದ್ದರು. ಈ ಸೀಮೆಯ ನಿಷ್ಕೃಷ್ಟತೆಯನ್ನು ಮುಂದಿನವರು ಪ್ರಶ್ನಿಸಿರುವುದುಂಟು; ಆದರೂ ಮುಚ್ಚಿದ ಬಕಾರವನ್ನು ಕಂಡರೆ ಕಾಲವನ್ನು ಹಿಂದಕ್ಕೆ ತಳ್ಳುವ ಪ್ರವೃತ್ತಿ ಉಳಿದೇ ಇದೆ. ಹೀಗಿರುವಲ್ಲಿ ಗೋಧಿಯ ಕಾಳಿನಷ್ಟು ಸಣ್ಣ ತೆರಪೊಂದು ಚಿತ್ರದಲ್ಲಿ ಮುಚ್ಚಿಹೋದರೆ ಒಂದು ಶತಮಾನವೇ ಆಚೀಚೆಯಾಗಬಹುದು. ಆ ತೆರಪನ್ನು ಮುಚ್ಚುವ ಶಕ್ತಿ ಹಳೆಯ ಮಸೂರಕ್ಕೆ ಉಂಟೇ ಎಂಬುದೇ ಇಲ್ಲಿಯ ಪ್ರಶ್ನೆ.

೩

ಉತ್ತರಕ್ಕಾಗಿ ಮಸೂರಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ೧೮೩೯ರಲ್ಲಿ ಛಾಯಾಚಿತ್ರಕಲೆ ಲೋಕಕ್ಕೆ ತಿಳಿದಾಗ ಬಳಕೆಯಲ್ಲಿದ್ದುದು ಪ್ಯಾರಿಸ್ಸಿನ ಶೆವಾಲಿಯೆ ಮಾಡಿದ, ಎರಡು ಗಾಜುಗಳನ್ನು ಅಂಟಿಸಿದ ಒಂಟಿ ಮಸೂರ. ಬೆಳಕಿನ ಕಿಂಡಿ ಅದರ ಮುಂದುಗಡೆ ಇರುತ್ತಿತ್ತು. ೧೮೪೦ರಲ್ಲಿ ವಿಯೆನ್ನಾದ ಪೆಟ್ಸ್ವಾಲ್ ಎಂಬ ಗಣಿತಜ್ಞನು ಮುಖಚಿತ್ರಗಳಿಗಾಗಿ ಬಹು ಶೀಘ್ರವಾದ ಮಸೂರವನ್ನು ಲೆಕ್ಕಹಾಕಿ ರಚಿಸಿದನು. ನಡುವಿನಲ್ಲಿ ಅದರ ಸ್ಪಷ್ಟತೆ ಆಶ್ಚರ್ಯಕರ. ಅಂಚಿನಲ್ಲಿ ಚಿತ್ರವು ಕದಡಿಹೋಗುವುದು. ೧೮೬೬ರಲ್ಲಿ ಮ್ಯೂನಿಕ್ಕಿನ ಸ್ಟೈನ್‌ಹೈಲ್ ಮತ್ತು ಲಂಡನ್ನಿನ ಡಾಲ್‌ಮೇಯರ್ ಬೇರೆ ಬೇರೆಯಾಗಿಯೇ ಒಂದೇ ಬಗೆಯ ಮಸೂರವನ್ನು ಹೊರತಂದರು: ಒಂದೇ ರೀತಿಯ ಎರಡು ಜೋಡಿಗಾಜುಗಳು, ಅವುಗಳ ನಡುವೆ ಕಿಂಡಿ. ಮುಂದಿನ ಜೋಡಿ ಗೆರೆಯನ್ನು ಒಂದು ಕಡೆಗೆ ಬಾಗಿಸಿದರೆ ಹಿಂದಿನದು ಇನ್ನೊಂದು ಕಡೆಗೆ ಬಾಗಿಸಿ ಸರಿದೂಗಿಸುತ್ತಿತ್ತು. ಇದೇ ರ್‍ಯಾಪಿಡ್ ರೆಕ್ಟಿಲಿನಿಯರ್. ಡಿಕ್ಸನ್ ಅವರ ಶಾಸನಚಿತ್ರಗಳು ಇದಕ್ಕೆ ಒಂದು ವರ್ಷ ಹಿಂದಿನವು ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಹಳೆಯದಕ್ಕೂ ಹೊಸದಕ್ಕೂ ನಡುವಿನ ನಿಜವಾದ ಎಲ್ಲೆ ಗಾಜಿನಲ್ಲಿದೆ. ೧೮೮೬ರಲ್ಲಿ ಜರ್ಮನಿಯ ಯೆನಾ ಪಟ್ಟಣದಲ್ಲಿ ಅಬ್ಬೆ ಮತ್ತು ಶೊಟ್ ಎಂಬವರು ಬೇರಿಯಂ ಮೊದಲಾದುವುಗಳನ್ನು ಸೇರಿಸಿದ ಹೊಸ ಗಾಜುಗಳನ್ನು ಮಾರಾಟಕ್ಕೆ ತಂದರು. ಅದುವರೆಗಿನ ಗಾಜುಗಳಿಂದ ವರ್ಣದೋಷವನ್ನು ಕಳೆದರೆ ಚಿತ್ರತಲವು ಬಾಗುತ್ತಿತ್ತು. ತಲವನ್ನು ಚಪ್ಪಟೆ ಮಾಡಿದರೆ ಬೇರೊಂದು ದೋಷ ತಲೆಯೆತ್ತುತ್ತಿತ್ತು. ಹೊಸ ಗಾಜುಗಳಿಂದ ೧೮೯೦ರಲ್ಲಿ ಜೈಸ್ ಸಂಸ್ಥೆಯ ರುಡಾಲ್ಫ್ ರಚಿಸಿದ ಅನಸ್ಟಿಗ್ಮಾಟ್ (ಮುಂದೆ ಇದಕ್ಕೆ ಪ್ರೋಟಾರ್ ಎಂದು ಹೆಸರಾಯಿತು), ಅನಂತರ ಗೋರ್ಜ್ ಸಂಸ್ಥೆಯವರಿಗಾಗಿ ಫಾನ್ ಹೂಗ್ ರಚಿಸಿದ ಡಾಗೋರ್, ೧೯೦೨ರ ಟೆಸ್ಸಾರ್, ಇವು ಅಂಚಿನವರೆಗೂ ಚಪ್ಪಟೆಯಾಗಿ, ಸ್ಪಷ್ಟವಾಗಿ ಬರೆಯತೊಡಗಿದುವು.

ಕೋಲಾರದ ಗಣಿಗಳ ಆಯುಷ್ಯವೂ ಈ ಚರಿತ್ರೆಯೂ ಬಹುಮಟ್ಟಿಗೆ ಸಮಕಾಲೀನ. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯವರು ಇಲ್ಲಿ ಕೆಲಸ ವಹಿಸಿಕೊಂಡಾಗ ಹಸಿಫಲಕಗಳ ಕಾಲ ಮುಗಿದು, ಅಂಗಡಿಯಲ್ಲಿ ಕೊಂಡು ತರಬಹುದಾದ ಒಣಫಲಕಗಳು ಬರುತ್ತಿದ್ದುವು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದಾಗ ದೊಡ್ಡ ಫಲಕದ ಕ್ಯಾಮರಾಗಳೇ ಅಪರೂಪವಾಗಿದ್ದುವು. ಆದುದರಿಂದ ಒಂದೇ ಸೀಮೆಯ, ಒಂದೇ ಬಗೆಯ ವಸ್ತುಗಳನ್ನು ಎಲ್ಲ ತಲೆಮಾರಿನ ಮಸೂರಗಳೂ ಹೇಗೆ ಕಂಡುವೆಂದು ತಿಳಿಯಲು ಈ ಸ್ಥಳವು ಅನುಕೂಲವಾಗಿದೆ.

೪

ಮೊದಲು ಬಾಧಕವಲ್ಲದ ದೋಷವನ್ನು ಹೇಳಿಬಿಡೋಣ. ಕಿಂಡಿ ಮುಂದಿರುವ ಒಂಟಿ ಮಸೂರವು ಫಲಕದ ಅಂಚಿನ ಬಳಿಯ ನೇರ ಗೆರೆಗಳನ್ನು ಪೀಪಾಯಿಯ ಮೈಯಂತೆ ಹೊರಕ್ಕೆ ಉಬ್ಬಿಸುತ್ತದೆ. ಶಾಸನದ ಕಲ್ಲಿನಲ್ಲಿ ಇದನ್ನು ಗುರುತಿಸುವುದು ಕಷ್ಟ. ಏಕೆಂದರೆ ಕಲ್ಲಿನ ಅಂಚು ಸ್ವಭಾವತಃ ಓರೆಕೋರೆ, ಸಾಲುಗಳೂ ಡೊಂಕು. ಗಣಿಯ ಚಿತ್ರಗಳಲ್ಲಿಯಾದರೋ ನೇರ ಗೆರೆಗೆ ಬಡತನವಿಲ್ಲ. ಶಾಫ್ಟಿನ ಬಾಯ ಮೇಲೆ ನಿಂತ ಚಕ್ರಗೋಪುರದ ಕಂಬಗಳು, ಹೊಗೆಕೊಳವೆಗಳು, ಕಾರ್ಖಾನೆಯ ಚಾವಣಿಗಳು ಇವೆಲ್ಲವೂ ಅಳತೆಗೋಲುಗಳಂತೆ ನಿಂತಿವೆ. ಅಂಚಿಗೆ ಬಂದ ಗೋಪುರವು ಹೊರಕ್ಕೆ ಬಾಗಿದ್ದರೆ ಒಂಟಿ ಮಸೂರದ ಸಂಶಯಕ್ಕೆ ಎಡೆಯುಂಟು. ನೆಟ್ಟಗಿದ್ದರೆ ಎರಡು ಜೋಡಿಗಳ ಮಸೂರವನ್ನೋ ಅದಕ್ಕಿಂತ ಈಚಿನದನ್ನೋ ಊಹಿಸಬಹುದು. ಗಣಿಯ ಚಿತ್ರಗಳ ಮೇಲೆ ಹೀಗೆ ಕಣ್ಣನ್ನು ಪಳಗಿಸಿಕೊಂಡವರು ಶಾಸನಚಿತ್ರದಲ್ಲಿಯೂ, ಅಕಸ್ಮಾತ್ತಾಗಿ ಪಕ್ಕದಲ್ಲಿ ಬಿದ್ದ ಗುಡಿಯ ಕಂಬದಿಂದ, ಮಸೂರದ ಜಾತಿಯನ್ನು ತಿಳಿಯಬಲ್ಲರು.

ಆದರೆ ಗೆರೆಯ ಬಾಗು ಅಕ್ಷರವನ್ನು ಕೆಡಿಸುವುದಿಲ್ಲ. ಸಾಲು ಸ್ವಲ್ಪ ವಾಲೀತು, ಅಕ್ಷರಗಳ ಅಳತೆಯಲ್ಲಿ ಕೊಂಚ ವ್ಯತ್ಯಾಸವಾದೀತು. ಬಕಾರವು ಬಕಾರವಾಗಿಯೇ ಉಳಿಯುವುದು. ಚಿತ್ರದಿಂದ ಕಲ್ಲಿನ ಅಳತೆಯನ್ನು ತೆಗೆಯುವವರು ಮಾತ್ರ ಇದನ್ನು ಲೆಕ್ಕಕ್ಕೆ ತಂದುಕೊಂಡರೆ ಸಾಕು.

೫

ಎರಡನೆಯದು ಚಿತ್ರತಲದ ಬಾಗು. ಇದನ್ನು ಲೆಕ್ಕದಿಂದ ನೋಡುವುದು ಮೇಲು. ೬ ಅಡಿ ಎತ್ತರದ ಕಲ್ಲು, ೮ ಅಂಗುಲ ಎತ್ತರದ ಬಿಂಬ. ಎಂದರೆ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿದ ಚಿತ್ರ. ಮಸೂರದ ನಾಭಿದೂರ ೩೦೦ ಮಿಲಿಮೀಟರ್. ಬಾಗನ್ನು ಸ್ವಲ್ಪವೂ ಸರಿಪಡಿಸದ ಮಸೂರದಲ್ಲಿ ಸ್ಪಷ್ಟಬಿಂಬವು ಬೀಳುವ ತಲವು ನಾಭಿದೂರದ ಸುಮಾರು ಒಂದೂವರೆ ಪಾಲಿನ ತ್ರಿಜ್ಯದಿಂದ ಬಾಗಿರುತ್ತದೆ. ಹಾಗಾದರೆ ಫಲಕದ ನಡುವಿನಿಂದ ೧೦೦ ಮಿ. ಮೀ. ದೂರದ ಅಂಚಿನಲ್ಲಿ ಅದು ಫಲಕವನ್ನು ಬಿಟ್ಟು ೧೧ ಮಿ. ಮೀ. ಮುಂದಕ್ಕೆ ಬಂದಿರುವುದು. ಕಿಂಡಿಯ ವ್ಯಾಸವು ನಾಭಿದೂರದ ೧/೮ ಇದ್ದರೆ ಅಂಚಿನಲ್ಲಿ ಒಂದು ಬಿಂದುವು ಸುಮಾರು ೧.೪ ಮಿ. ಮೀ. ಅಗಲದ ಮಚ್ಚೆಯಾಗುವುದು, ಕಲ್ಲಿನ ಮೇಲೆ ಅದು ೧೨ ಮಿ. ಮೀ.ಗೂ ಹೆಚ್ಚು. ಗೀರಿನ ಅಗಲ ೫ ಮಿ. ಮೀ. ಎಂದಿಟ್ಟುಕೊಂಡರೆ ಅಕ್ಷರವೇ ಹೋಯಿತು. ಕಿಂಡಿಯನ್ನು ೧/೩೨ಕ್ಕೆ ಇಳಿಸಿದರೆ ಮಚ್ಚೆಯು ಕಲ್ಲಿನ ಲೆಕ್ಕದಲ್ಲಿ ಸುಮಾರು ೩ ಮಿ. ಮೀ. ಆಗುವುದು, ಓದಲು ಅಡ್ಡಿಯಿಲ್ಲ. ಹಳೆಯ ಚಿತ್ರಕಾರರು ಸಣ್ಣ ಕಿಂಡಿ ಇಟ್ಟು ಬಹಳ ಹೊತ್ತು ಕಾದುದೂ, ನಡುವಿಗೂ ಅಂಚಿಗೂ ಮಧ್ಯದ ಒಂದು ಬಿಂದುವಿಗೆ ಮಬ್ಬುಗಾಜಿನಲ್ಲಿ ನಾಭಿ ಹೊಂದಿಸಿದುದೂ ಇದಕ್ಕಾಗಿಯೇ.

ಸಣ್ಣ ಕಿಂಡಿಯಿಂದ ಬೆಳಕು ವಿವರ್ತನೆ ಹೊಂದಿ ಸ್ಪಷ್ಟತೆ ಕೆಡುವುದೆಂಬ ಆಕ್ಷೇಪವುಂಟು. ನಿಜ, ಆದರೆ ೧/೩೨ರಲ್ಲಿ ಆ ಮಚ್ಚೆ ಫಲಕದ ಮೇಲೆ ಸುಮಾರು ೦.೦೪ ಮಿ. ಮೀ., ಕಲ್ಲಿನ ಮೇಲೆ ೦.೪ ಮಿ. ಮೀ. ಉಳಿಯ ಗೀರಿಗೆ ಅದರಿಂದ ಏನೂ ಬಾಧೆಯಿಲ್ಲ. ಈ ಕೆಲಸಕ್ಕೆ ಹೊಸ ಮಸೂರದ ಅತಿಶಯವಾದ ಸೂಕ್ಷ್ಮತೆ ಅನಾವಶ್ಯಕ. ಕಿಂಡಿಯನ್ನು ಸಾಕಷ್ಟು ಕಿರಿದು ಮಾಡಿ ತೆಗೆದ ಹಳೆಯ ಫಲಕದ ಮಧ್ಯಭಾಗವು ಹೊಸ ಫಲಕಕ್ಕೆ ಸಾಕ್ಷ್ಯದಲ್ಲಿ ಸಮಾನ.

ಮೂರನೆಯ ದೋಷವೇ ಮೋಸ ಮಾಡತಕ್ಕದ್ದು. ಇದಕ್ಕೆ ಅಸ್ಟಿಗ್ಮಾಟಿಸಂ ಎಂದು ಹೆಸರು. ರ್‍ಯಾಪಿಡ್ ರೆಕ್ಟಿಲಿನಿಯರ್ ಗೆರೆಗಳನ್ನು ನೇರ ಮಾಡಿತೇ ಹೊರತು ಇದನ್ನು ಕಳೆಯಲಿಲ್ಲ. ಈ ದೋಷವುಳ್ಳ ಮಸೂರದಲ್ಲಿ ಅಂಚಿನ ಬಿಂದುವು ದುಂಡು ಮಚ್ಚೆಯಾಗದೆ ಸಣ್ಣ ಗೆರೆಯಾಗಿ ಎಳೆದುಕೊಳ್ಳುತ್ತದೆ. ನಾಭಿಯನ್ನು ಹೊಂದಿಸಿದ ರೀತಿಗೆ ತಕ್ಕಂತೆ ಆ ಗೆರೆ ಫಲಕದ ನಡುವಿನ ಕಡೆಗೆ ಮುಖ ಮಾಡಿರಬಹುದು, ಇಲ್ಲವೆ ಅದಕ್ಕೆ ಅಡ್ಡಲಾಗಿರಬಹುದು. ಕಲ್ಲಿನ ಮೇಲುಭಾಗದಲ್ಲಿ ಬಿಂದುಗಳು ಅಡ್ಡಲಾಗಿ ಎಳೆದುಕೊಂಡಿವೆಯೆಂದು ಭಾವಿಸೋಣ. ಆಗ ಅಕ್ಷರಗಳ ತಲೆಕಟ್ಟು ಮೊದಲಾದ ಅಡ್ಡಗೀರುಗಳು ತಮ್ಮ ಉದ್ದಕ್ಕೇ ಎಳೆದುಕೊಳ್ಳುವುದರಿಂದ ಬಹು ಚೊಕ್ಕವಾಗಿ ತೋರುವುವು, ನಿಲುಗೀರುಗಳು ಮಬ್ಬಾಗುವುವು. ಅಡ್ಡಗೀರಿನ ನಡುವೆ ತೆರಪೊಂದಿದ್ದರೆ ಎರಡು ಕಡೆಯ ತುದಿಗಳೂ ಚಾಚಿಕೊಂಡು ಅದನ್ನು ಮುಚ್ಚಿಬಿಡುವುವು. ಬಕಾರದ ಬಾಯಿ ಇರುವುದು ಇಂತಹ ಎಡೆಯಲ್ಲಿಯೇ.

ಮಬ್ಬಾದ ಅಕ್ಷರವನ್ನು ಓದುಗನು ಸಂಶಯಿಸುತ್ತಾನೆ. ಇಲ್ಲಿಯಾದರೋ ತಲೆಯ ಗೀರು ಸ್ಪಷ್ಟವಾಗಿಯೇ ಇದೆ, ತೆರಪು ಮಾತ್ರ ಇಲ್ಲ. ಎಳೆತವು ತೆರಪನ್ನು ಮುಚ್ಚಬಲ್ಲದು. ಮುಚ್ಚಿದ್ದರಲ್ಲಿ ತೆರಪನ್ನು ಹುಟ್ಟಿಸಲಾರದು. ಆದುದರಿಂದ ಈ ತಪ್ಪು ಯಾವಾಗಲೂ ಒಂದೇ ದಿಕ್ಕಿನದು: ಶಾಸನವನ್ನು ಅದರ ನಿಜವಾದ ಕಾಲಕ್ಕಿಂತ ಹಳೆಯದೆಂದು ತೋರಿಸುವುದು. ಹಳೆಯ ಫಲಕದಲ್ಲಿ ಬಾಯಿ ತೆರೆದ ಬಕಾರ ಕಂಡರೆ, ಅಲ್ಲಿ ಕಲ್ಲು ಚಕ್ಕೆಯೆದ್ದಿಲ್ಲವೆಂದು ದೃಢಪಡಿಸಿಕೊಂಡು, ನಂಬಬಹುದು. ಮುಚ್ಚಿದ ಬಕಾರ ಅಂಚಿನಲ್ಲಿ ಮಾತ್ರ ಕಂಡರೆ ನಂಬತಕ್ಕದ್ದಲ್ಲ.

ಪರೀಕ್ಷೆಯ ವಿಧಾನವೂ ಇದರಿಂದಲೇ ಹೊರಡುತ್ತದೆ. ಒಂದೇ ಅಕ್ಷರವು ಫಲಕದ ಮೇಲಂಚಿನಲ್ಲಿ, ನಡುವಿನಲ್ಲಿ, ಎಡಬಲಗಳಲ್ಲಿ ಹೇಗೆ ಕಾಣುತ್ತದೆಂದು ಹೋಲಿಸಬೇಕು. ಎಡಬಲದ ಅಂಚುಗಳಲ್ಲಿ ಎಳೆತದ ದಿಕ್ಕು ತಿರುಗುವುದರಿಂದ ಅಲ್ಲಿ ನಿಲುಗೀರು ಚೊಕ್ಕವಾಗಿ ಅಡ್ಡಗೀರು ಮಬ್ಬಾಗಿರಬೇಕು. ಅಕ್ಷರದ ಆಕಾರವು ಫಲಕದಲ್ಲಿನ ಸ್ಥಾನವನ್ನು ಅನುಸರಿಸಿ ಬದಲಾದರೆ ಆ ಬದಲಾವಣೆ ಮಸೂರದ್ದು. ಸ್ಥಾನವನ್ನು ಲಕ್ಷಿಸದೆ ಬದಲಾದರೆ ಕಲ್ಕುಟಿಗನದು. ಕಲ್ಲು ಉಳಿದಿರಲಿ ಅಳಿದಿರಲಿ, ಫಲಕವೊಂದಿದ್ದರೆ ಈ ಪರೀಕ್ಷೆಯನ್ನು ಮಾಡಬಹುದು.

೬

ಹಾಗಾದರೆ ಹೊಸ ಮಸೂರವು ಎಲ್ಲ ವಿಧದಲ್ಲಿಯೂ ಮೇಲೇ? ಹಾಗೆನ್ನಲಾಗದು. ಮೊದಲನೆಯದಾಗಿ, ಹೆಸರನ್ನು ಕಂಡು ಮಸೂರವನ್ನು ನಿರ್ಣಯಿಸಬಾರದು. ಷ್ನೈಡರ್ ಸಂಸ್ಥೆಯ ಸಿಮ್ಮಾರ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಮಹಾಯುದ್ಧಗಳ ನಡುವಿನ ಸಿಮ್ಮಾರ್ ಡಾಗೋರಿನ ಬಗೆಯದು. ೧೯೫೦ರ ದಶಕದ ಸಿಮ್ಮಾರ್ ಬೇರೆಯೇ ರಚನೆ. ಮುಂದಿನ ಭಾಗವನ್ನು ಬಿಚ್ಚಿ ಹಿಂದಿನದನ್ನು ಮಾತ್ರ ಬಳಸಿದರೆ ೧೫೦ ಮಿ. ಮೀ. ಮಸೂರವು ೨೬೫ ಮಿ. ಮೀ. ಆಗುತ್ತಿತ್ತು. ೧೯೭೦ರ ದಶಕದ ಸಿಮ್ಮಾರ್-ಎಸ್ ಈ ಸೌಕರ್ಯವನ್ನು ಬಿಟ್ಟು ಪೂರ್ಣಮಸೂರದ ಸ್ಪಷ್ಟತೆಯನ್ನು ಹೆಚ್ಚಿಸಿಕೊಂಡಿತು. ಅನಂತರ ಅಪೋ-ಸಿಮ್ಮಾರ್ ಬಂದಿತು. ಒಂದೇ ಕಾವ್ಯದ ಹೆಸರಿನಲ್ಲಿ ಮೂರು ನಾಲ್ಕು ಪಾಠಗಳಿರುವಂತೆ ಇದು.

ಎರಡನೆಯದು ಲೇಪದ ವಿಚಾರ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ಸುಮಾರು ೪ರಷ್ಟು ಬೆಳಕನ್ನು ಹಿಂದಿರುಗಿಸುವುದು. ಡಾಗೋರಿನಲ್ಲಿ ಗಾಳಿಗೆ ತಗಲುವ ಮೈಗಳು ೪. ಈಚಿನ ಸಿಮ್ಮಾರಿನಲ್ಲಿ ೮. ಲೇಪವಿಲ್ಲದಿದ್ದರೆ ಮೊದಲನೆಯದರಲ್ಲಿ ನೂರಕ್ಕೆ ೮೫, ಎರಡನೆಯದರಲ್ಲಿ ೭೨ ಪಾಲು ಬೆಳಕು ನೆಟ್ಟಗೆ ದಾಟುವುದು. ಉಳಿದುದರಲ್ಲಿ ಒಂದಂಶ ಚಿತ್ರದ ಮೇಲೆ ಮುಸುಕಾಗಿ ಹರಡುವುದು. ೧೯೩೫ರಲ್ಲಿ ಜೈಸ್ ಸಂಸ್ಥೆಯ ಸ್ಮಾಕುಲಾ ಲೇಪವನ್ನು ಕಂಡುಹಿಡಿದ ಮೇಲೆಯೇ ಬಿಡಿಗಾಜುಗಳು ಹೆಚ್ಚಾಗಿರುವ ರಚನೆಗಳು ಮೇಲುಗೈ ಪಡೆದುವು. ಗಣಿಗಳ ಸೈನೈಡ್ ಗುಡ್ಡಗಳು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವಾಗ, ಅವುಗಳ ಮುಂದೆ ನಿಂತ ಕಪ್ಪು ಗೋಪುರವನ್ನು ತೆಗೆಯುವವರಿಗೆ ಲೇಪವು ಮಹೋಪಕಾರಿ. ಬೂದುಬಣ್ಣದ ಕಲ್ಲೊಂದೇ ಫಲಕವನ್ನು ತುಂಬಿರುವ ಶಾಸನಚಿತ್ರದಲ್ಲಿ ಅದರ ಪ್ರಯೋಜನ ಅಲ್ಪ.

ಮೂರನೆಯದಾಗಿ, ಚಪ್ಪಟೆಯಾದ ಕಲ್ಲನ್ನು ಹತ್ತಿರದಿಂದ ನಕಲು ಮಾಡುವುದಕ್ಕೆ ಈಗಲೂ ಶ್ರೇಷ್ಠವಾದುದು ೨೦ನೆಯ ಶತಮಾನದ ಆದಿಯಲ್ಲಿ ಅಚ್ಚಿನ ಕೆಲಸಕ್ಕಾಗಿ ಹುಟ್ಟಿದ, ನಾಲ್ಕು ಬಿಡಿಗಾಜುಗಳ ರಚನೆ. ಗೋರ್ಜ್‌ನವರ ಆರ್ಟಾರ್, ರೋಡೆನ್‌ಸ್ಟಾಕ್‌ನವರ ಅಪೋ-ರೋನಾರ್ ಈ ಜಾತಿಯವು. ಇವು ನಿಧಾನವಾದುವು, ಕಲ್ಲಿಗೆ ಅವಸರವಿಲ್ಲ. ದೂರದ ದೃಶ್ಯಗಳಿಗಾಗಿ ಲೆಕ್ಕಹಾಕಿದ ಈಚಿನ ಮಸೂರಕ್ಕಿಂತ ಇಂತಹ ಹಳೆಯ ಜಾತಿಯದು ನಮ್ಮ ಕೆಲಸಕ್ಕೆ ಹೆಚ್ಚು ತಕ್ಕುದು.

ಕಡೆಯದಾಗಿ, ಯಾವ ಮಸೂರವೂ ಸರಿಪಡಿಸಲಾರದ ಎರಡು ಸಂಗತಿಗಳಿವೆ. ಒಂದು, ಚಿತ್ರಕ್ಕಾಗಿ ಅಕ್ಷರಗಳಿಗೆ ಬಿಳಿಯ ಬಣ್ಣ ತುಂಬುತ್ತಿದ್ದ ಹಿಂದಿನ ಪದ್ಧತಿ. ಬಣ್ಣ ತುಂಬಿದವನು ತಪ್ಪು ಓದಿದ್ದರೆ ಮಸೂರವು ಎಷ್ಟು ಉತ್ತಮವೋ ಅಷ್ಟು ನಿಷ್ಠೆಯಿಂದ ಆ ತಪ್ಪನ್ನು ದಾಖಲಿಸುವುದು. ಎರಡು, ಬೆಳಕಿನ ದಿಕ್ಕು. ಬಳ್ಳಿಗಾವೆಯ ನುಣುಪು ಕಲ್ಲಿನಂತಲ್ಲ ಕೋಲಾರ ಸೀಮೆಯ ಒರಟು ಕಲ್ಲು. ಅದರ ಹರಳುಗಳೇ ಗೀರಿನಷ್ಟು ದೊಡ್ಡವು. ನಡುಹಗಲಿನಲ್ಲಿ ಎದುರು ಬೆಳಕಿನಿಂದ ತೆಗೆದರೆ ಸೂಕ್ಷ್ಮ ಮಸೂರವು ಹರಳನ್ನೂ ಗೀರನ್ನೂ ಸಮವಾಗಿ ತೋರಿಸಿ ಕಣ್ಣನ್ನು ದಣಿಸುವುದು. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಹಳೆಯ ಮಸೂರವೂ ಗೀರನ್ನು ಎತ್ತಿ ತೋರಿಸುವುದು. ಅದರಲ್ಲಿಯೂ ಎಚ್ಚರ ಬೇಕು: ಗೀರಿನ ಉದ್ದಕ್ಕೇ ಬಿದ್ದ ಬೆಳಕಿನಲ್ಲಿ ಆ ಗೀರು ನೆರಳಿಲ್ಲದೆ ಅಡಗುವುದು. ಆದುದರಿಂದ ಎರಡು ದಿಕ್ಕಿನ ಬೆಳಕಿನಲ್ಲಿ ಎರಡು ಫಲಕಗಳು ಅವಶ್ಯ.

೭

ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಅಳೆದು ದಾಖಲಿಸುವ ಕಾರ್ಯವನ್ನು ಕೈಗೊಂಡಿದ್ದಾರೆ. ಆ ಕ್ರಮದಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಬಹುದು. ಮೇಲೆ ಹೇಳಿದ ತೊಡಕುಗಳಲ್ಲಿ ಬಹುಪಾಲು ಅಲ್ಲಿ ಇಲ್ಲ. ಆದರೆ ಆ ಉಪಾಯ ಸಲ್ಲುವುದು ನಿಂತಿರುವ ಕಲ್ಲಿಗೆ. ಕೆರೆಯ ಏರಿಗೂ ಮನೆಯ ಪಾಯಕ್ಕೂ ಹೋದ ಕಲ್ಲುಗಳಿಗೆ, ಮಳೆಗಾಳಿಗಳಿಂದ ಸವೆದ ಕಲ್ಲುಗಳಿಗೆ, ಹಳೆಯ ಫಲಕವೂ ಪಡಿಯಚ್ಚುಗಳೂ ಮಾತ್ರವೇ ಸಾಕ್ಷಿ.

ಆದುದರಿಂದ ಮೂರು ಸೂಚನೆಗಳನ್ನು ವಿದ್ವಾಂಸರ ಮುಂದಿಡಬಹುದು. ಹಳೆಯ ಚಿತ್ರವನ್ನು ಆಧಾರವಾಗಿ ಹೇಳುವಾಗ ವಿವಾದಾಸ್ಪದವಾದ ಅಕ್ಷರವು ಫಲಕದ ನಡುವಿನಲ್ಲಿದೆಯೇ ಅಂಚಿನಲ್ಲಿದೆಯೇ ಎಂಬುದನ್ನು ತಿಳಿಸಬೇಕು. ಅಂಚಿನ ಅಕ್ಷರವೊಂದರಿಂದಲೇ ಕಾಲನಿರ್ಣಯ ಮಾಡಬಾರದು; ನಡುವಿನ ಸಜಾತೀಯಾಕ್ಷರದಿಂದಲೋ ಪಡಿಯಚ್ಚಿನಿಂದಲೋ ಅದಕ್ಕೆ ಬೆಂಬಲ ದೊರೆಯಬೇಕು. ಹೊಸದಾಗಿ ಚಿತ್ರ ಪ್ರಕಟಿಸುವವರು ಮಸೂರದ ಹೆಸರು, ನಾಭಿದೂರ, ಕಿಂಡಿಯ ಅಳತೆ, ಬೆಳಕಿನ ದಿಕ್ಕು, ಬಣ್ಣ ತುಂಬಿದೆಯೇ ಇಲ್ಲವೇ ಎಂಬುದು, ಇವನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ನಮೂದಿಸಬೇಕು. ಪ್ರತಿಯ ಲಿಪಿಕಾರನನ್ನು ಹೆಸರಿಸುವಷ್ಟೇ ಇದು ಅಗತ್ಯ.

ಹಳೆಯ ಫಲಕಗಳನ್ನು ಹಳೆಯವೆಂದು ತಳ್ಳುವುದೂ, ಅಂದವಾಗಿವೆಯೆಂದು ನಂಬುವುದೂ ಎರಡೂ ಸಲ್ಲ. ಅವುಗಳ ಮಧ್ಯಭಾಗ ಬಹುಮಟ್ಟಿಗೆ ವಿಶ್ವಾಸಾರ್ಹ, ಅಂಚು ಪರೀಕ್ಷಾರ್ಹ. ಬೌರಿಂಗ್‌ಪೇಟೆ ಭಾಗದ ತಿಥಿಯಿಲ್ಲದ ವೀರಗಲ್ಲುಗಳ ಚಿತ್ರಗಳನ್ನು ಈ ಕ್ರಮದಿಂದ ಮತ್ತೊಮ್ಮೆ ನೋಡಿದರೆ, ೯ನೆಯ ಶತಮಾನದ ಆಚೀಚೆಗೆ ಸೇರಿಸಿರುವ ಕೆಲವು ಕಲ್ಲುಗಳ ಕಾಲವನ್ನು ಪುನಃ ವಿಮರ್ಶಿಸಲು ಅವಕಾಶ ದೊರೆಯುವುದು.